ನಲವತ್ತೆರಡನೆಯ ಗರಿ

ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಜಾಡಿಗೂ ಕೆಂಪು ಚೀಟಿ ಬಿದ್ದಿತ್ತು ಎಂದರೆ ಈಗಿನವರು ನಂಬಲಿಕ್ಕಿಲ್ಲ. ಅಪ್ಪ ಪೀಣ್ಯದ ಒಂದು ದೊಡ್ಡ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರು. ಪೊಲೀಸ್ ಇನ್ಸ್‌ಪೆಕ್ಟರಲ್ಲ, ಎರಕ ಹೊಯ್ದು ಬಂದ ಲೋಹದ ಭಾಗಗಳಲ್ಲಿ ಬಿರುಕು ಇದೆಯೇ ಎಂದು ನೋಡುವವರು. ಸರಿಯಿದ್ದರೆ ಹಸಿರು ಚೀಟಿ, ಕೆಟ್ಟಿದ್ದರೆ ಕೆಂಪು ಚೀಟಿ. ದಾರ ಪೋಣಿಸಿದ ಆ ಚೀಟಿಯ ಮೇಲೆ ಮೂರು ಸಾಲು: ವಸ್ತು ಯಾವುದು, ದೋಷ ಏನು, ತಪಾಸಣೆ ಮಾಡಿದವರ ಸಹಿ. ಎರಕದ ವಿಭಾಗದವರು ಅಪ್ಪನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರಂತೆ. ಒಂದು ಬೇಸಿಗೆ ಅಮ್ಮ ಹಾಕಿದ್ದ ಮಾವಿನಕಾಯಿ ಉಪ್ಪಿನಕಾಯಿಗೆ ಬೂಷ್ಟು ಬಂತು. ಅಪ್ಪ ಜಾಡಿಯ ಕತ್ತಿಗೆ ಕೆಂಪು ಚೀಟಿ ಕಟ್ಟಿ, 'ದೋಷ: ಉಪ್ಪು ಸಾಲದು' ಎಂದು ಬರೆದು, ಕೆಳಗೆ ಸಹಿಯನ್ನೂ ಹಾಕಿದರು. ಅಮ್ಮ ಎರಡು ದಿನ ಮಾತು ಬಿಟ್ಟಳು. ಅಪ್ಪ ಚೀಟಿ ಮಾತ್ರ ಬಿಚ್ಚಲಿಲ್ಲ.

ಆದರೆ ಅವರ ಜೀವ ಇದ್ದದ್ದು ಲೋಹದಲ್ಲಲ್ಲ. ಶಿಫ್ಟ್ ಮುಗಿಸಿ ದಾಸರಹಳ್ಳಿಯ ನಮ್ಮ ಬಾಡಿಗೆ ಮನೆಗೆ ಬಂದು, ಕೈಗೆ ಮೆತ್ತಿದ ಬಣ್ಣವನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಂಡು, ಕಾಫಿ ಕುಡಿದು, ಹಳೆಗನ್ನಡ ಹಿಡಿದು ಕೂತರೆ ಲೋಕವೇ ಬೇಡ. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಮೂರು ದಪ್ಪ ನೋಟ್ ಪುಸ್ತಕಗಳನ್ನು ವರ್ಷಗಟ್ಟಲೆ ತುಂಬಿಸಿದ್ದರು. ಒಂದರ ಮೇಲೆ 'ಸಾಹಿತ್ಯ', ಇನ್ನೊಂದರ ಮೇಲೆ 'ಮತ', ಮೂರನೆಯದರ ಮೇಲೆ 'ಪ್ರಕೃತಿ'. ಹಳೆಯ ಕಾವ್ಯವೊಂದು ಕೈಗೆ ಸಿಕ್ಕಿದರೆ ಅದರ ಭಾಷೆ, ಛಂದಸ್ಸು, ಕವಿಯ ವಿಚಾರ ಮೊದಲನೆಯದಕ್ಕೆ. ದೇವರು, ವ್ರತ, ಯೋಗ, ಗುರುಪರಂಪರೆ ಎರಡನೆಯದಕ್ಕೆ. ಗಿಡ, ಮರ, ಹಕ್ಕಿ, ನಕ್ಷತ್ರ, ಗ್ರಹಣ ಮೂರನೆಯದಕ್ಕೆ.

"ಮೂರೂ ಗೇಜು ಒಂದೇ ಅಳತೆ ತೋರಿಸ್ಬೇಕು ಕಣೇ," ಎನ್ನುತ್ತಿದ್ದರು. "ಸಾಹಿತ್ಯ ಒಂದು ಕಾಲ ಹೇಳಿ, ಪ್ರಕೃತಿ ಇನ್ನೊಂದು ಕಾಲ ಹೇಳಿದ್ರೆ ಪೂರ್ತಿ ಲಾಟ್ ರಿಜೆಕ್ಟ್."

ನಾನು ಆಗ ಬಿ.ಎಸ್ಸಿ. ಓದುತ್ತಿದ್ದೆ, ಸಸ್ಯಶಾಸ್ತ್ರ ನನ್ನ ವಿಷಯ. ಹಾಗಾಗಿ ಮೂರನೆಯ ಪುಸ್ತಕ ನನ್ನ ಪಾಲಿಗೆ ಬಂತು. ಕಾವ್ಯದಲ್ಲಿ ಬಂದ ಗಿಡದ ಹೆಸರಿನ ಮುಂದೆ ಅದು ಎಲ್ಲಿಯದು, ನಮ್ಮ ದೇಶಕ್ಕೆ ಯಾವಾಗ ಬಂತು ಎಂದು ಕಾಲೇಜಿನ ಲೈಬ್ರರಿಯಲ್ಲಿ ಹುಡುಕಿ ಬರೆಯುವುದು ನನ್ನ ಕೆಲಸ. ಎಂಥ ಹೆಮ್ಮೆ ನನಗೆ! ಗೆಳತಿಯರ ಅಪ್ಪಂದಿರೆಲ್ಲ ಭಾನುವಾರ ಇಸ್ಪೀಟು ಆಡುತ್ತಿದ್ದರೆ, ನನ್ನ ಅಪ್ಪ ನನ್ನನ್ನು ಸಮಸಮಕ್ಕೆ ಕೂರಿಸಿಕೊಂಡು ಕಾವ್ಯದ ಕಾಲ ಅಳೆಯುತ್ತಿದ್ದರು.

ಅವರೊಳಗೆ ಒಂದು ಗಾಯವಿತ್ತು. ಹಿಂದೊಮ್ಮೆ ಒಂದು ಪತ್ರಿಕೆಗೆ ಲೇಖನ ಕಳಿಸಿದಾಗ ಯಾರೋ ವಿದ್ವಾಂಸರು ಅಂಚಿನಲ್ಲಿ 'ಈ ಮಹನೀಯರು ನಟ್ಟು ಬೋಲ್ಟಿನ ಕಡೆಗೇ ಗಮನ ಕೊಡುವುದು ಲೇಸು' ಎಂದು ಗೀಚಿ ಹಿಂದಕ್ಕೆ ಕಳಿಸಿದ್ದರು. ಅಪ್ಪ ಆ ಹಾಳೆಯನ್ನು ಹರಿಯದೆ 'ಸಾಹಿತ್ಯ' ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿಕೊಂಡಿದ್ದರು. ದಿನಾ ಅದನ್ನು ದಾಟಿಕೊಂಡೇ ಒಳಗೆ ಹೋಗಬೇಕು. ಆ ಅಂಚಿನ ಸಾಲಿಗೆ ಒಂದು ಪುಸ್ತಕ ಬರೆದು ಉತ್ತರ ಕೊಡಬೇಕೆಂಬುದೇ ಅವರ ಹಟ.

ಉತ್ತರ ಸಿಕ್ಕಿದ್ದು ಚಿಕ್ಕಬಾಣಾವರದಲ್ಲಿ. ಅಪ್ಪನ ಕಾರ್ಖಾನೆಯ ಒಬ್ಬ ಆಪರೇಟರ್ ಅಲ್ಲಿಯವನು, ಒಕ್ಕಲು ಮನೆತನ. ಮಹಾನವಮಿಯ ದಿನ ಊಟಕ್ಕೆ ಕರೆದಿದ್ದ. ನಾನೂ ಹೋಗಿದ್ದೆ. ಅವರ ಮನೆಯ ದೇವರಗೂಡಿನಲ್ಲಿ ಅರಿಶಿನ ಕುಂಕುಮ ಮೆತ್ತಿ ಮೆತ್ತಿ ಇಟ್ಟಿಗೆಯ ಬಣ್ಣ ಬಂದಿದ್ದ ಒಂದು ತಾಳೆಗರಿಯ ಕಟ್ಟು ಇತ್ತು. ಅದರ ಮೇಲೆ ಆಗತಾನೆ ಹೊಲದಿಂದ ಕಿತ್ತು ತಂದ ಯಾವುದೋ ಗಿಡ, ಬೇರು ಮಣ್ಣು ಸಮೇತ. ಅಪ್ಪನಿಗೆ ಮೈ ಉರಿದುಹೋಯಿತು. "ಅಯ್ಯೋ, ಗರಿ ಮೇಲೆ ಹಸಿ ಮಣ್ಣು ಹಾಕ್ತಾರೇನ್ರೀ!" ಎನ್ನುತ್ತಾ ಗಿಡವನ್ನು ಎತ್ತಿ ಪಕ್ಕಕ್ಕಿಟ್ಟು, ಕರ್ಚೀಫಿನಿಂದ ಮಣ್ಣು ಒರೆಸಿದರು. ಆ ಗಿಡ ಯಾವುದೆಂದು ಅವರೂ ನೋಡಲಿಲ್ಲ, ಸಸ್ಯಶಾಸ್ತ್ರದ ನಾನೂ ನೋಡಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಆಪರೇಟರನ ಅಜ್ಜಿ ಅಲ್ಲೇ ನಿಂತಿದ್ದಳು. ಕಡ್ಡಿಯ ಹಾಗಿದ್ದ ಮುದುಕಿ, ಧ್ವನಿ ಮಾತ್ರ ತಮಟೆ.

"ಅದು ಅಂಗೇ ಇಕ್ಕೋದು ಸ್ವಾಮಿ. ನಮ್ಮತ್ತೆ ಕಾಲ್ದಿಂದ್ಲೂ ನೌಮಿಗೆ ಮೊದ್ಲು ಕಿತ್ತ ಗಿಡ ಅದ್ರ ಮ್ಯಾಲೇ ಇಕ್ಕೋದು," ಎಂದು ಗಿಡವನ್ನು ಮತ್ತೆ ತಂದು ಕಟ್ಟಿನ ಮೇಲಿಟ್ಟಳು.

ಅಪ್ಪ ಅದಕ್ಕೆ ಕಿವಿಗೊಡಲಿಲ್ಲ. ಕಟ್ಟಿನ ಅಂಚಿನಲ್ಲಿ ಕಂಡ ಎರಡು ಅಕ್ಷರಕ್ಕೇ ಅವರ ಕಣ್ಣು ಅಂಟಿಕೊಂಡಿತ್ತು. ಊಟದ ತನಕ ಕಾಡಿ ಬೇಡಿ ಮುದುಕಿಯನ್ನು ಒಪ್ಪಿಸಿದರು. ಒಂದು ವರ್ಷಕ್ಕೆ ಕಟ್ಟು ನಮ್ಮದು, ಮುಂದಿನ ನವಮಿಗೆ ವಾಪಸ್ಸು. ಓದು ಬಾರದ ಆ ಅಜ್ಜಿ ನಮ್ಮೆದುರೇ ಗರಿಗಳನ್ನು ಒಂದೊಂದಾಗಿ ಮೊರಕ್ಕೆ ಹಾಕಿ, ಇಪ್ಪತ್ತಕ್ಕೊಂದು ಅಡಿಕೆ ಇಡುತ್ತಾ ಎಣಿಸಿದಳು. "ಮೂರಿಪ್ಪತ್ತು, ಮ್ಯಾಲೆ ಅದಿಮೂರು. ಇಷ್ಟೂ ಬರ್ಬೇಕು. ಒಂದು ಕಮ್ಮಿ ಆದ್ರೂ ನಮ್ಮನೇಲಿ ನೌಮಿ ನಡೆಯಾಕಿಲ್ಲ."

ಎಪ್ಪತ್ತಮೂರು ಗರಿ. ಮನೆಗೆ ತಂದ ಮೇಲೆ ಅಕ್ಷರವೇ ಕಾಣದು, ಎಲ್ಲ ಮಾಸಿ ಹೋಗಿತ್ತು. ಗರಿಯ ಮೇಲೆ ಬರೆಯುವುದಿಲ್ಲ, ಕಬ್ಬಿಣದ ಕಂಟದಿಂದ ಕೊರೆಯುತ್ತಾರೆ. ಆ ಗೀರಿನೊಳಗೆ ಮಸಿ ತುಂಬಿದರೆ ಮಾತ್ರ ಅಕ್ಷರ ಎದ್ದು ಕಾಣುತ್ತದೆ. ಅಪ್ಪ ಅದನ್ನು ನನಗೆ ಕಾರ್ಖಾನೆಯ ರೀತಿಯಲ್ಲೇ ಹೇಳಿಕೊಟ್ಟರು. ಅಲ್ಲಿ ಅವರು ಲೋಹಕ್ಕೆ ಕೆಂಪು ಬಣ್ಣ ಬಳಿದು, ಒರೆಸಿ, ಬಿಳಿ ಪುಡಿ ಹಾಕುತ್ತಾರೆ. ಬಿರುಕಿದ್ದರೆ ಅದರೊಳಗೆ ಇಳಿದ ಬಣ್ಣ ಕೆಂಪು ಗೆರೆಯಾಗಿ ಹೊರಗೆ ಬರುತ್ತದೆ. "ಮೇಲ್ಮೈ ಮೇಲಿನ ಗೀಟು ಒರೆಸಿದ್ರೆ ಹೋಗತ್ತೆ. ಒಳಗಡೆ ಇರೋದು ಎಷ್ಟು ಒರೆಸಿದ್ರೂ ಹೋಗಲ್ಲ. ಇಲ್ಲೂ ಅದೇ ಕಣೇ," ಎಂದರು. ನಿಂಬೆಹುಲ್ಲಿನ ಎಣ್ಣೆಯಲ್ಲಿ ದೀಪದ ಕಾಡಿಗೆ ಕಲಸಿ ನಾನು ಒಂದೊಂದೇ ಗರಿಗೆ ಸವರಿ ಒರೆಸಿದೆ. ಏಳೆಂಟು ಭಾನುವಾರ ಹಿಡಿಯಿತು. ಕಪ್ಪು ಅಕ್ಷರಗಳು ಸಾಲುಸಾಲಾಗಿ ಎದ್ದು ನಿಂತಾಗ ಮೈ ಜುಂ ಎನ್ನುತ್ತಿತ್ತು. ಓದಲು ಮಾತ್ರ ನನಗೆ ಬರುತ್ತಿರಲಿಲ್ಲ, ಆ ಹಳೆಯ ಮೋಡಿಯ ಬರವಣಿಗೆ ಅಪ್ಪನಿಗಷ್ಟೇ ಒಗ್ಗಿತ್ತು.

ಎಣಿಕೆ ಎರಡು ಕಡೆ ಇರಬೇಕೆಂಬುದು ಅಪ್ಪನ ಕಾರ್ಖಾನೆಯ ನಿಯಮ. ಅವರು ಪುಸ್ತಕದಲ್ಲಿ ಬರೆದುಕೊಂಡರೆ, ನಾನು ಗರಿಗೊಂದರಂತೆ ಹುಣಿಸೆ ಬೀಜವನ್ನು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾ ಹೋದೆ. ಕೆಲಸ ಮುಗಿದಾಗ ಬೀಜ ಎಪ್ಪತ್ತಮೂರು. ಡಬ್ಬಿಯನ್ನು ಅಟ್ಟದ ಮೇಲಿಟ್ಟು ಮರೆತೆ.

ಅದು ಯೋಗಿಯೊಬ್ಬ ಬರೆದ ಸಣ್ಣ ಸಣ್ಣ ಪದ್ಯಗಳ ಸಂಗ್ರಹ, ಊರಿನ ಸುತ್ತಮುತ್ತಲೇ ಇದ್ದವನಂತೆ. ಭಾಷೆ ನೋಡಿ ಅಪ್ಪ ಅವನಿಗೆ ಎಂಟುನೂರು ವರ್ಷ ಕಟ್ಟಿದರು. ಆ ವಾದಕ್ಕೆಲ್ಲ ನಡುಗಂಬ ಒಂದು ಒಗಟಿನ ಪದ್ಯ:

ಬೆಳಕಿನಲ್ಲಿ ಅರಳಿದವಳು ಕತ್ತಲಿಗೆ ಇಳಿದಳು,
ಕತ್ತಲಲ್ಲಿ ಹೆತ್ತಳು, ಹೆತ್ತು ಹೊರಗೆ ಬಾರಳು,
ಕೂಸು ಬೇಕೆಂಬವನೆ, ತಾಯ ಜುಟ್ಟು ಹಿಡಿ.

ಅಪ್ಪ ಇದನ್ನು ಓದಿ ಹೇಳಿದ ದಿನ ಅವರ ಕಣ್ಣಲ್ಲಿ ನೀರಿತ್ತು. ಅರಳಿದವಳು ಭಕ್ತಿ, ಇಳಿದ ಕತ್ತಲು ದೇಹ, ಹೆತ್ತ ಕೂಸು ಜ್ಞಾನ, ಜುಟ್ಟು ಎಂದರೆ ನೆತ್ತಿಯಲ್ಲಿ ನಿಲ್ಲಿಸುವ ಪ್ರಾಣ. ಇಂಥ ಯೋಗದ ರೂಪಕ ಇಷ್ಟು ಹಳೆಯ ಕಾಲದ ಈ ಸೀಮೆಯಲ್ಲಿ ಇನ್ನೆಲ್ಲೂ ಇಲ್ಲ ಎಂದು, ಮುಂದಿನ ಗರಿಗಳನ್ನು ಓದುವ ಮೊದಲೇ, ಇಪ್ಪತ್ತು ಪುಟದ ಅಧ್ಯಾಯ ಬರೆದರು. ಇದು ಯಾವುದಾದರೂ ಗಿಡ ಇರಬಹುದಾ ಎಂದು ನಾನೊಮ್ಮೆ ಸುಮ್ಮನೆ ಕೇಳಿದ್ದೆ. ಅಪ್ಪ ನಕ್ಕು, "ಇದನ್ನ ಪ್ರಕೃತಿಗೆ ಹಾಕ್ಬೇಡ ಕಣೇ, ಇದು ಮತದ ಪುಸ್ತಕಕ್ಕೆ ಹೋಗ್ಬೇಕು," ಎಂದು ತಾವೇ ಎರಡನೆಯ ಪುಸ್ತಕದಲ್ಲಿ ಬರೆದುಕೊಂಡರು. ನಾನೂ ಹೂಂ ಅಂದೆ.

ಬೇಸಿಗೆಯ ಹೊತ್ತಿಗೆ ಕಾರ್ಖಾನೆಯ ಕನ್ನಡ ಸಂಘದವರು ಪುಸ್ತಕ ಅಚ್ಚು ಹಾಕಿಸಲು ಒಪ್ಪಿದರು. ನವೆಂಬರಿನಲ್ಲಿ ರಾಜ್ಯೋತ್ಸವದ ವೇದಿಕೆಯ ಮೇಲೆ ಬಿಡುಗಡೆ. ನಿವೃತ್ತ ಪ್ರಾಧ್ಯಾಪಕರೊಬ್ಬರು ಬರುತ್ತೇನೆಂದರು. ಅಪ್ಪ ಹೊಸ ಶರ್ಟು ಹೊಲಿಸಿಕೊಂಡರು. ಅಮ್ಮ, "ಆಹಾ, ಮದುವೆ ಗಂಡು!" ಎಂದು ಕಿಚಾಯಿಸಿದಳು. ಆದರೆ ಆ ಬೇಸಿಗೆಯಲ್ಲೇ ಅಪ್ಪ ಯಾಕೋ ಮಂಕಾದರು. ಊಟ ಸೇರದು, ಮಾತಿಗೆ ಮುಂಚೆ ರೇಗುವುದು. ಪ್ರೂಫ್ ತಿದ್ದುವ ಸುಸ್ತಿರಬೇಕು ಅಂದುಕೊಂಡೆವು.

ಸೆಪ್ಟೆಂಬರಿನಲ್ಲಿ ಒಂದು ದಿನ ಕಾಲೇಜಿನ ಪ್ರಾಕ್ಟಿಕಲ್. ಮೇಡಂ ಒಂದು ಕಡಲೆಕಾಯಿ ಗಿಡವನ್ನು ಬೇರು ಸಮೇತ ಮೇಜಿನ ಮೇಲಿಟ್ಟು ವಿವರಿಸುತ್ತಿದ್ದರು. ಹಳದಿ ಹೂವು ಮೇಲೆ ಬಿಸಿಲಿನಲ್ಲಿ ಅರಳುತ್ತದೆ. ಹೂ ಬಾಡಿದ ಮೇಲೆ ಅದರ ಬುಡ ಸೂಜಿಯ ಹಾಗೆ ಉದ್ದವಾಗಿ ಕೆಳಕ್ಕೆ ಬಾಗಿ ಮಣ್ಣಿನೊಳಗೆ ಇಳಿಯುತ್ತದೆ. ಅಲ್ಲಿ ಕತ್ತಲಲ್ಲಿ ಕಾಯಿ ಕಟ್ಟುತ್ತದೆ. "ಕಾಯಿ ಬೇಕಂದ್ರೆ ಹೀಗೆ ತಲೆ ಹಿಡಿದು ಕೀಳಬೇಕು," ಎಂದು ಮೇಡಂ ಗಿಡದ ಸೊಪ್ಪನ್ನು ಮುಷ್ಟಿಯಲ್ಲಿ ಹಿಡಿದು ಎತ್ತಿ ತೋರಿಸಿದರು.

ನನ್ನ ಕೈಯಲ್ಲಿದ್ದ ಪೆನ್ಸಿಲ್ ಕೆಳಗೆ ಬಿತ್ತು. ಮುಷ್ಟಿಯಲ್ಲಿ ಜುಟ್ಟು. ಕೆಳಗೆ ನೇತಾಡುವ ಕೂಸುಗಳು. ಅಯ್ಯೋ ದೇವರೇ, ಇದು ಯೋಗವೂ ಅಲ್ಲ, ಜ್ಞಾನವೂ ಅಲ್ಲ, ಕಡಲೆಕಾಯಿ! ನಗು ಬರಬೇಕಿತ್ತು, ಬರಲಿಲ್ಲ. ಮೇಡಂ ಮುಂದಿನ ಮಾತನ್ನು ಎಂದಿನ ಹಾಗೆ ಬೋರ್ಡಿನ ಕಡೆ ತಿರುಗಿಕೊಂಡು ಹೇಳಿದರು. ಈ ಗಿಡ ನಮ್ಮದಲ್ಲ, ದಕ್ಷಿಣ ಅಮೆರಿಕದ್ದು, ಸಮುದ್ರ ದಾಟಿ ಬಂದ ವ್ಯಾಪಾರಿಗಳಿಂದ ನಮ್ಮ ಕಡೆಗೆ ಬಂದಿದ್ದು, ಕೆಲವೇ ನೂರು ವರ್ಷದ ಹಿಂದೆ. ಎಂಟುನೂರು ವರ್ಷದ ಹಿಂದಿನ ಯೋಗಿ ಅದನ್ನು ಕಂಡಿರುವುದು ಸಾಧ್ಯವೇ ಇಲ್ಲ. ಮೂರನೆಯ ಗೇಜು ಬೇರೆ ಕಾಲ ತೋರಿಸುತ್ತಿತ್ತು. ಪುಸ್ತಕದ ಅರ್ಧಕ್ಕಿಂತ ಹೆಚ್ಚು ಪುಟ ಆಗಲೇ ಅಚ್ಚಾಗಿತ್ತು.

ಆ ಸಂಜೆ ಅಪ್ಪನನ್ನು ಕಾಲು ತೊಳೆಯುವುದಕ್ಕೂ ಬಿಡದೆ ಎಲ್ಲವನ್ನೂ ಒದರಿಬಿಟ್ಟೆ. ಅವರು ಬೆಚ್ಚಿಬೀಳುತ್ತಾರೆ, ಆಮೇಲೆ ಕೂತು ಇಬ್ಬರೂ ಲೆಕ್ಕಹಾಕುತ್ತೇವೆ ಅಂದುಕೊಂಡಿದ್ದೆ. ಅಪ್ಪ ಬೆಚ್ಚಲಿಲ್ಲ. ಮುಖ ಒಂದು ಕ್ಷಣ ಕಪ್ಪಿಟ್ಟಿತು. ಆಮೇಲೆ ಕೂಗಾಡಿದರು ನೋಡಿ, ಪಕ್ಕದ ಮನೆಯವರು ಹೊರಗೆ ಬಂದರು.

"ಎರಡು ಪುಸ್ತಕ ಓದ್ಬಿಟ್ರೆ ಎಲ್ಲಾ ಗೊತ್ತಾಗ್ಬಿಡತ್ತಾ? ಯೋಗಿ ಬರೆದ ಪದ್ಯಕ್ಕೆ ಕಡ್ಲೆಕಾಯಿ ಅಂತೀಯಲ್ಲೇ, ನಾಚಿಕೆ ಆಗಲ್ವಾ ನಿಂಗೆ?"

"ನೀವೇ ತಾನೇ ಹೇಳಿದ್ದು, ಮೂರೂ ಗೇಜು..."

"ಬಾಯ್ಮುಚ್ಚು!"

ನನ್ನ ಅಪ್ಪ ನನಗೆ ಬಾಯ್ಮುಚ್ಚು ಎಂದದ್ದು ಅದೇ ಮೊದಲು. ಅಳು ಉಕ್ಕಿ ಬಂತು, ಜೊತೆಗೆ ಸಿಟ್ಟೂ ಬಂತು. ಆ ಪದ್ಯದ ಹಿಂದೆ ಮುಂದೆ ಏನಿದೆ ನೋಡಿಯೇ ಬಿಡೋಣ ಎಂದು ಮಾರನೆಯ ದಿನ ಅವರು ಕೆಲಸಕ್ಕೆ ಹೋದ ಮೇಲೆ ಪ್ರೂಫ್ ಹಾಳೆ ತೆಗೆದೆ. ಪದ್ಯ ಇದ್ದದ್ದು ನಲವತ್ತೊಂದನೆಯ ಗರಿಯಲ್ಲಿ. ಅದರ ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿ: 'ನಲವತ್ತೆರಡನೆಯ ಗರಿ ನಷ್ಟವಾಗಿದೆ. ಕಟ್ಟಿನಲ್ಲಿ ದೊರೆತವು ಎಪ್ಪತ್ತೆರಡು ಗರಿಗಳು.'

ಮೂರು ಸಲ ಓದಿದೆ. ಬೀರುವಿನಿಂದ ಕಟ್ಟು ತೆಗೆದು ಎಣಿಸಿದೆ, ಎಪ್ಪತ್ತೆರಡು. ಎಡಗಡೆಯ ಅಂಕಿ ನೋಡಿದೆ, ನಲವತ್ತೊಂದಾದ ಮೇಲೆ ನಲವತ್ತಮೂರು. ಅಟ್ಟ ಹತ್ತಿ ಬಿಸ್ಕತ್ತಿನ ಡಬ್ಬಿ ಇಳಿಸಿ, ಬೀಜಗಳನ್ನು ನೆಲಕ್ಕೆ ಸುರಿದು, ಹತ್ತು ಹತ್ತರ ಗುಡ್ಡೆ ಮಾಡಿದೆ. ಎಪ್ಪತ್ತಮೂರು. ಆ ಗರಿಗೆ ಮಸಿ ತುಂಬಿದವಳು ನಾನು. ಅದು ನನ್ನ ಕೈಯಲ್ಲೇ ಇತ್ತು. ಈಗ ಇಲ್ಲ, ಮೊದಲಿಂದಲೂ ಇರಲಿಲ್ಲ ಎಂದು ಅಪ್ಪ ಅಚ್ಚು ಹಾಕಿಸುತ್ತಿದ್ದಾರೆ.

ಬೇಸಿಗೆಯ ಮಂಕು, ಊಟ ಸೇರದ್ದು, ನಿನ್ನೆಯ ಕೂಗಾಟ ಎಲ್ಲ ಒಂದೇ ದಾರಕ್ಕೆ ಬಂದು ಸೇರಿತು. ಅಪ್ಪನಿಗೆ ಮೊದಲೇ ಗೊತ್ತಿತ್ತು. ಆ ಗರಿ ಓದಿದ ದಿನವೇ ಗೊತ್ತಾಗಿತ್ತು. ನಾನು ಹೊಸ ಸುದ್ದಿ ತಂದಂತೆ ಓಡಿ ಬಂದು ಒದರಿದಾಗ ಅವರು ಹೆದರಿ ಕೂಗಿದ್ದರು. ಉಪ್ಪಿನಕಾಯಿ ಜಾಡಿಗೆ ಕೆಂಪು ಚೀಟಿ ಕಟ್ಟಿದ ಮನುಷ್ಯ! ಅಮ್ಮ ಒಳಗಿನಿಂದ, "ಏನೇ ಅದು ಸದ್ದು?" ಎಂದಳು. "ಏನಿಲ್ಲಮ್ಮ, ಚೌಕಾಬಾರ ಆಡಕ್ಕೆ ಬೀಜ," ಎಂದು ಸುಳ್ಳು ಹೇಳಿ ಡಬ್ಬಿ ಮುಚ್ಚಿದೆ.

ಕೇಳಬೇಕಿತ್ತು. ಕೇಳಲಿಲ್ಲ. ಒಂದು ಕಡೆ ಬಾಯ್ಮುಚ್ಚು ಎಂದವರ ಮೇಲಿನ ಸಿಟ್ಟು, ಇನ್ನೊಂದು ಕಡೆ ಅವರ ಹೊಸ ಶರ್ಟು. ಕೇಳಿದರೆ ಪುಸ್ತಕ ನಿಲ್ಲುತ್ತದೆ, ಆ ಅಂಚಿನ ಸಾಲು ಬರೆದವನೇ ಗೆಲ್ಲುತ್ತಾನೆ. ಕೇಳದಿದ್ದರೆ ನವಮಿಯ ದಿನ ಅಜ್ಜಿ ಎಣಿಸುತ್ತಾಳೆ. ಎರಡರ ನಡುವೆ ಸಿಕ್ಕಿ ಮೂರು ವಾರ ಒದ್ದಾಡಿದೆ. ದಿನಕ್ಕೊಂದು ಸಲ ಕೇಳಲು ಹೋಗಿ, ಕಾಫಿ ಬೇಕಾ ಎಂದು ಕೇಳಿ ವಾಪಸ್ಸು ಬರುತ್ತಿದ್ದೆ.

ನವಮಿ ಬಂತು. ಅಪ್ಪ ತಾವೇ ಕಟ್ಟು ಕಟ್ಟಿ, ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟರು. ಚಿಕ್ಕಬಾಣಾವರದ ಆ ಮನೆಯ ಅಂಗಳದಲ್ಲಿ ಕಡಲೆಕಾಯಿ ಗಿಡದ ಗುಡ್ಡೆ. ಹೆಂಗಸರು ಸುತ್ತ ಕೂತು ಕಾಯಿ ಬಿಡಿಸುತ್ತಿದ್ದರು. ಹಸಿ ಮಣ್ಣಿನ ವಾಸನೆ. ದೇವರಗೂಡಿನ ಪಕ್ಕದಲ್ಲಿ, ಈ ವರ್ಷ ಮೊದಲು ಕಿತ್ತ ಗಿಡವನ್ನು ಬೇರು ಮಣ್ಣು ಸಮೇತ ಒಂದು ಬಾಳೆ ಎಲೆಯ ಮೇಲೆ ಇಟ್ಟಿದ್ದರು. ಹೋದ ವರ್ಷ ಅಪ್ಪ ಎತ್ತಿ ಪಕ್ಕಕ್ಕಿಟ್ಟದ್ದು ಇಂಥದ್ದನ್ನೇ. ಒಗಟಿನ ಉತ್ತರವನ್ನು ಈ ಮನೆಯವರು ಒಗಟಿನ ತಲೆಯ ಮೇಲೇ ವರ್ಷವರ್ಷವೂ ಇಟ್ಟುಕೊಂಡು ಬಂದಿದ್ದರು. ಅಪ್ಪನ ಕಡೆ ನೋಡಿದೆ. ಅವರೂ ಆ ಗಿಡವನ್ನೇ ನೋಡುತ್ತಿದ್ದರು.

ಅಜ್ಜಿ ಸ್ನಾನ ಮಾಡಿ ಮಡಿಯುಟ್ಟು ಮೊರದ ಮುಂದೆ ಕೂತಳು. ಒಂದು ಬಟ್ಟಲು ಹರಳೆಣ್ಣೆ. ಕಟ್ಟು ಬಿಚ್ಚಿ, ಒಂದೊಂದೇ ಗರಿಗೆ ಹೆಬ್ಬೆರಳಿನಿಂದ ಎಣ್ಣೆ ಸವರಿ ಮೊರಕ್ಕೆ ಹಾಕುತ್ತಾ ಎಣಿಸಿದಳು. ಇಪ್ಪತ್ತಕ್ಕೆ ಒಂದು ಅಡಿಕೆ. ಎರಡಿಪ್ಪತ್ತಕ್ಕೆ ಇನ್ನೊಂದು. ನಾನು ಅವಳ ಕೈ ನೋಡಲಿಲ್ಲ, ಕೆಳಗೆ ಉಳಿದಿದ್ದ ಗರಿಗಳ ಎಡಗಡೆಯ ಅಂಕಿಯನ್ನೇ ದಿಟ್ಟಿಸುತ್ತಿದ್ದೆ. ನಲವತ್ತೊಂದಾದ ಮೇಲೆ ನಲವತ್ತೆರಡು ಇತ್ತು. ಅಂದರೆ ಅಪ್ಪ ವಾಪಸ್ಸು ಇಟ್ಟಿದ್ದಾರೆ! ಕಣ್ಣು ಮುಚ್ಚಿ ಉಸಿರು ಬಿಟ್ಟೆ.

ಅಷ್ಟರಲ್ಲಿ ಎಣಿಕೆ ನಿಂತಿತು.

ಅಜ್ಜಿ ಒಂದು ಗರಿಯನ್ನು ಕೈಯಲ್ಲಿ ಹಿಡಿದು ತನ್ನ ಹೆಬ್ಬೆರಳನ್ನು ನೋಡುತ್ತಿದ್ದಳು. ಹೆಬ್ಬೆರಳು ಕಪ್ಪಾಗಿತ್ತು. ಇನ್ನೊಮ್ಮೆ ಎಣ್ಣೆ ಸವರಿದಳು. ಗರಿಯ ಮೇಲಿನ ಅಕ್ಷರಗಳು ಹರಡಿ, ಕಲಸಿ, ಒಂದು ಕಪ್ಪು ಪಟ್ಟೆಯಾದವು. ಇನ್ನೊಮ್ಮೆ ಉಜ್ಜಿದಳು. ಪಟ್ಟೆಯೂ ಹೋಗಿ ಬರಿಯ ಗರಿ ಉಳಿಯಿತು.

ಅವಳು ಉಗುರಿನಿಂದ ಅದನ್ನು ಉದ್ದಕ್ಕೂ ಗೀರಿ ನೋಡಿದಳು. "ಇದ್ರಾಗೆ ಗೀರೇ ಇಲ್ವಲ್ಲ ಸ್ವಾಮಿ," ಎಂದಳು. "ನಮ್ಮವೆಲ್ಲ ಉಗುರಿಗೆ ತರತರ ಸಿಗ್ತವೆ. ಇದು ನುಣ್ಣಗೈತೆ. ಇದು ನಮ್ಮದಲ್ಲ."

ಆಪರೇಟರ್ ಒಳಗೆ ಬಂದು, "ಏನಜ್ಜಿ ಅದು? ಸಾರ್ ಅಂಗೆಲ್ಲ ಮಾಡೋರಲ್ಲ ಕಣಜ್ಜಿ, ಇಡೀ ಫ್ಯಾಕ್ಟ್ರೀಗೇ ಗೊತ್ತು," ಎಂದ. ಆ ಮಾತು ಕೇಳಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಅಪ್ಪ ಸುಳ್ಳು ಗರಿ ಮಾಡಿದ್ದರು. ಅಳತೆ ಒಂದು ಕೂದಲೆಳೆ ತಪ್ಪದ ಹಾಗೆ ಕತ್ತರಿಸಿ, ದಾರದ ತೂತು ಕೊರೆದು, ಹೊಗೆ ಹಿಡಿಸಿ ಬಣ್ಣ ಬರಿಸಿ, ಶಾಯಿಯಲ್ಲಿ ಅಕ್ಷರ ಬರೆದಿದ್ದರು. ಕೊರೆಯಲು ಮಾತ್ರ ಬಂದಿರಲಿಲ್ಲ. ಮೇಲ್ಮೈ ಮೇಲಿನದು ಒರೆಸಿದರೆ ಹೋಗುತ್ತದೆ ಎಂದು ನನಗೆ ಪಾಠ ಹೇಳಿದವರಿಗೆ ಇದು ಹೇಗೆ ಮರೆತುಹೋಯಿತೋ!

ಅಪ್ಪ ಎದ್ದು ನಿಂತರು. ಒಳಜೇಬಿಗೆ ಕೈ ಹಾಕಿ, ತಮ್ಮ ಅಳತೆ ಪಟ್ಟಿ ಇಡುವ ಉದ್ದನೆಯ ಚರ್ಮದ ಚೀಲ ತೆಗೆದು, ಅದರಿಂದ ನಿಜವಾದ ಗರಿ ಎಳೆದು ಮೊರದ ಮೇಲಿಟ್ಟರು. ಅಂದರೆ ಜೊತೆಯಲ್ಲೇ ತಂದಿದ್ದರು. ಅದೂ ನನಗೆ ಆಘಾತವೇ.

"ತಪ್ಪಾಯ್ತು ಅಜ್ಜಿ," ಎಂದರು.

ಅಜ್ಜಿ ಗರಿಯ ಮೇಲೆ ಉಗುರಾಡಿಸಿ, ತಮ್ಮದೇ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ತಲೆ ಎತ್ತಿದಳು. "ಕದಿಯೋ ಅಂಥದ್ದು ಏನೈತೆ ಇದ್ರಾಗೆ? ಓದಿ ಹೇಳು."

ಅಪ್ಪ ಅದನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಹಡಗಿನಲ್ಲಿ ಬಂದ ಬೀಜ, ನಮ್ಮ ಕೆಂಪು ಮಣ್ಣು ತಾಯಿಯಾಯಿತು. ಉಪ್ಪು ನೀರಿನಲ್ಲಿ ಬೇಯಿಸಿ, ಬಂದ ಹಸಿದವರ ಮುಂದಿಡು. ಕಿತ್ತ ಮೊದಲ ಗಿಡ ಈ ಓಲೆಗೆ. ಅಷ್ಟೇ ಇತ್ತು.

ಮುದುಕಿ ಕರಗುತ್ತಾಳೆ, ಸಮಾಧಾನದ ಎರಡು ಮಾತು ಹೇಳುತ್ತಾಳೆ ಎಂದು ನೀವು ಕಾಯುತ್ತಿದ್ದರೆ, ಇಲ್ಲ. ಸುಳ್ಳು ಗರಿಯನ್ನು ಎರಡು ಬೆರಳಲ್ಲಿ ಎತ್ತಿ ಒಲೆಯ ಬಾಯಿಗೆ ಹಾಕಿದಳು. "ನಮ್ಮಟ್ಟಿ ಕಟ್ಟು ಇನ್ಮ್ಯಾಕೆ ಈ ಒಸ್ಲು ದಾಟಾಕಿಲ್ಲ," ಎಂದಳು. ಆಮೇಲೆ ಮೊದಲಿನಿಂದ, ಒಂದರಿಂದ, ಮತ್ತೆ ಎಣಿಸಲು ಕೂತಳು. ಊಟಕ್ಕೆ ಏಳಿ ಎಂದು ಯಾರೂ ಹೇಳಲಿಲ್ಲ. ನಾವು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆವು.

ಬಸ್ಸಿಗೆ ಕಾಯುವುದಕ್ಕೆ ಮುಖವಿರಲಿಲ್ಲ, ಅಲ್ಲಿ ಊರಿನವರೆಲ್ಲ ಇರುತ್ತಾರೆ. ರೈಲ್ವೆ ಸ್ಟೇಷನ್ನಿಗೆ ನಡೆದೆವು. ಮಟಮಟ ಮಧ್ಯಾಹ್ನ. ಕಲ್ಲಿನ ಬೆಂಚಿನ ಮೇಲೆ ಕೂತೆವು. ನನ್ನೊಳಗೆ ಸಿಟ್ಟು ಕುದಿಯುತ್ತಿತ್ತು. ಇವತ್ತು ಬಾಯಿಗೆ ಬಂದದ್ದು ಅಂದೇ ಬಿಡುತ್ತೇನೆ ಎಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು.

"ಡಬ್ಬೀಲಿ ಬೀಜ ಎಷ್ಟಿತ್ತೇ?"

ನಾನು ತಟ್ಟನೆ ಅವರ ಕಡೆ ತಿರುಗಿದೆ.

"ಅಟ್ಟದ ಮೇಲೆ ಡಬ್ಬಿ ಜಾಗ ಬದಲಾಗಿತ್ತು. ಮೂರು ವಾರ ಆಯ್ತು. ಅವತ್ತೇ ನೋಡ್ದೆ," ಎಂದರು. "ಎಪ್ಪತ್ಮೂರು ಅಲ್ವಾ?"

"ಹೂಂ."

"ಗೊತ್ತಿದ್ದೂ ನೀನು ಪಾಸ್ ಮಾಡ್ದೆ."

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಧಾನವಾಗಿ, ನನ್ನ ಕಡೆ ತಿರುಗದೆ ಹೇಳಿದರು: "ದಿನಾ ಕಾಯ್ತಿದ್ದೆ ಕಣೇ, ಇವತ್ತು ಕೇಳ್ತಾಳೆ, ಇವತ್ತು ಕೇಳ್ತಾಳೆ ಅಂತ. ನೀನು ಹತ್ರ ಬಂದಾಗೆಲ್ಲ ಗರಿ ಜೇಬಲ್ಲೇ ಇರೋದು. ಕೇಳಿದ್ರೆ ಕೊಟ್ಬಿಡ್ತಿದ್ದೆ. ನನ್ನ ಕೈಲಿ ನಾನಾಗೇ ತೆಗೆದು ಕೊಡಕ್ಕೆ ಆಗ್ಲಿಲ್ಲ. ನೀನು ಬಂದು ಕಾಫಿ ಬೇಕಾ ಅಂತ ಕೇಳ್ತಿದ್ದೆ."

ನಾನು ಅಲ್ಲೇ, ಪ್ಲಾಟ್‌ಫಾರಂ ಮೇಲೆ, ಗೊಳೋ ಎಂದು ಅತ್ತೆ. ತಪ್ಪು ಅವರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡನೆಯ ಎಣಿಕೆ ನನ್ನದಾಗಿತ್ತು. ಮೂರನೆಯ ಪುಸ್ತಕವೂ ನನ್ನದಾಗಿತ್ತು. ರೈಲು ಬಂತು, ಹತ್ತಿದೆವು.

ಅಪ್ಪ ಮಾರನೆಯ ವಾರ ಕನ್ನಡ ಸಂಘಕ್ಕೆ ಹೋಗಿ, ಪುಸ್ತಕದಲ್ಲಿ ತಪ್ಪಿದೆ, ಬಿಡುಗಡೆ ಬೇಡ ಎಂದು ಹೇಳಿ ಬಂದರು. ಪ್ರಾಧ್ಯಾಪಕರಿಗೂ ಕಾಗದ ಹಾಕಿದರು. ಆಪರೇಟರ್ ಅವತ್ತಿನಿಂದ ಅಪ್ಪ ಎದುರು ಬಂದರೆ ದಾರಿ ಬದಲಾಯಿಸುತ್ತಿದ್ದನಂತೆ. ರಾಜ್ಯೋತ್ಸವದ ಬೆಳಿಗ್ಗೆ ಬೈಂಡಾಗಿದ್ದ ಪ್ರತಿಗಳು ನಮ್ಮ ನಡುಮನೆಯಲ್ಲಿ ಗೋಣಿ ದಾರದಲ್ಲಿ ಕಟ್ಟಿಕೊಂಡು ಕೂತಿದ್ದವು. ಹೊಸ ಶರ್ಟು ಗೂಟದಲ್ಲೇ ಇತ್ತು. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಕಾರ್ಖಾನೆಯ ಕೆಂಪು ಚೀಟಿಯೊಂದನ್ನು ನನ್ನ ಮುಂದೆ ಇಟ್ಟರು. ಮೊದಲೆರಡು ಸಾಲು ಅವರ ಅಕ್ಷರ. ವಸ್ತು: ಪುಸ್ತಕ, ಎಲ್ಲ ಪ್ರತಿಗಳು. ದೋಷ: ಗೊತ್ತಿದ್ದು ಮುಚ್ಚಿಟ್ಟದ್ದು. ಮೂರನೆಯ ಸಾಲು ಖಾಲಿ.

"ತಪಾಸಣೆ ನಿಂದು. ಸಹಿ ಹಾಕು."

"ನಾನೂ ಮುಚ್ಚಿಟ್ಟಿದ್ನಲ್ಲಪ್ಪ," ಎಂದೆ.

"ಅದಕ್ಕೇ ಹಾಕು ಅಂದೆ."

ಹಾಕಿದೆ. ಅಪ್ಪ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಶಾಯಿ ಆರುವವರೆಗೆ ಕಾದು, ನನ್ನ ಹೆಸರಿನ ಮೇಲೆ ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡಿದರು. ಅಳಿಸಲಿಲ್ಲ. ಆಮೇಲೆ ದಾರ ಕಟ್ಟಿದರು.